ರೇನ್‌ಕೋಟ್ ಬಿಚ್ಚಿಟ್ಟು ಬನ್ನಿ

ನಾಲ್ಕೂಕಾಲಿಗೆ ವಾಲ್ವ್ ತಿರುಗಿಸುವವನು ನಾನು,
ಈ ಬಡಾವಣೆಯ ನೀರುಗಂಟಿ, ಗುತ್ಯಪ್ಪ.
ಇಪ್ಪತ್ತಾರು ವರ್ಷ
ನೀರನ್ನು ಕಿವಿಯಿಂದ ಓದಿದ್ದೇನೆ:
ಮೊದಲು ಗಾಳಿಯ ಗೊರಕೆ,
ಆಮೇಲೆ ತುಕ್ಕಿನ ಕೆಮ್ಮು,
ಆಮೇಲೆ ತುಂಗೆ.

ಕೆಂಪಗೆ ಬಂದರೆ ಹೊಳೆ ಏರಿದೆ.
ನಾತ ಬಂದರೆ ಎಲ್ಲೋ ಚರಂಡಿ ಪೈಪಿಗೆ ಬಾಯಿ ಹಾಕಿದೆ.
ಕ್ಲೋರಿನ್ ಹೆಚ್ಚಾದ ದಿನ ಮೊದಲ ಬೈಗುಳ ನನಗೇ.
ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ,
ಇಂಥದೊಂದು ಬಂದಿರಬಹುದು ಅಂದರೆ
ಈ ಕಿವಿ ಏನು ಮಾಡಬೇಕು?

ಹೇಳಿದ್ದು ಲ್ಯಾಬಿನ ಹುಡುಗಿ, ಜುಲೇಖಾ.
ಪಿಎಫ್‌ಎಎಸ್ ಅಂದಳು. ನನಗೆ ನಾಲಗೆ ಹೊರಳಲಿಲ್ಲ.
ಸಾವಿಲ್ಲದ ರಾಸಾಯನಿಕ ಅನ್ನಿ, ಸಾಕು.
ಸಾವಿಲ್ಲದ ಮನೆಯ ಸಾಸಿವೆ ಕೇಳಿದ್ದೆ,
ಯಾರಿಗೂ ಸಿಗದ್ದು.
ಇದು ಮನೆಮನೆಗೂ ಪೈಪಿನಲ್ಲಿ ಬರುತ್ತಂತೆ!
ಸಾಸಿವೆ ಕಾಳನ್ನು ಲಕ್ಷ ಹೋಳು ಮಾಡಿ
ಒಂದು ಹೋಳನ್ನು ಕೊಡದಲ್ಲಿ ಕದಡಿದರೂ
ಯಂತ್ರ ಹಿಡಿದು ತೋರಿಸುತ್ತಂತೆ.

ಮಾದರಿ ತರುವ ಕೆಲಸ ನನ್ನದೇ.
ಫೋನಿನಲ್ಲಿ ನಿಯಮ ಓದಿದಳು:
ನಾವು ಕೊಟ್ಟ ಬಾಟಲಿಯೇ ಆಗಬೇಕು.
ಕೈಗೆ ಮುಖಕ್ಕೆ ಕ್ರೀಮು ಬೇಡ.
ಟೆಫ್ಲಾನ್ ಟೇಪು ಹತ್ತಿರ ಸುಳಿಯಬಾರದು.
ರೇನ್‌ಕೋಟ್ ಬಿಚ್ಚಿಟ್ಟು ಬನ್ನಿ,
ನೀರು ಜಾರಿಸುವ ಬಟ್ಟೆಯಲ್ಲೂ ಅದು ಇರಬಹುದು.

ಶಿವಮೊಗ್ಗ, ಜುಲೈ, ರೇನ್‌ಕೋಟ್ ಬಿಚ್ಚಿಟ್ಟು!
ಟ್ಯಾಂಕಿನ ಗೋಡೆಯ ‘ತುಂಗಾ ಪಾನ’ದಲ್ಲಿ
ಸುಣ್ಣ ಉದುರಿ ‘ಪಾನ’ ಮಾತ್ರ ಉಳಿದಿದೆ.
ಅದರ ಕೆಳಗೆ ಬೆನ್ನು ಬಾಗಿಸಿ
ಬಾಟಲಿಗೆ ಕೊಡೆಯಾದೆ.
ಮುಚ್ಚಳ ತಿರುಗಿಸಿ ಜೇಬಿಗೆ ಕೈ ಹಾಕಿದರೆ
ಬಿಳಿ ಟೇಪಿನ ಸುರುಳಿ.

ಯಾರ ಮನೆ ನಲ್ಲಿ ಸೋರಿದರೂ ಹೋಗಿ
ಮೂರು ಸುತ್ತು ಸುತ್ತಿದ್ದೇನೆ,
ತಾಳಿಗೆ ಗಂಟು ಹಾಕಿದ ಹಾಗೆ.
ಎಷ್ಟು ಮನೆ, ಲೆಕ್ಕ ಇಟ್ಟಿಲ್ಲ.
ಅದರಿಂದ ದೊಡ್ಡದೇನೂ ಬರಲ್ಲ ಅಂಕಲ್,
ಪರೀಕ್ಷೆ ಕೆಡಬಾರದು ಅಂತಷ್ಟೆ, ಅಂದಳು.
ಮತ್ತೆ ಬಾಟಲಿ ಕೊಟ್ಟಳು. ಮತ್ತೆ ನೆನೆದೆ.

ರಿಪೋರ್ಟಿಗೆ ಆರು ವಾರ.
ಸುದ್ದಿಗೆ ಆರು ನಿಮಿಷ.
ಕುದಿಸಿದರೆ ಸಾಯ್ತದಲ್ಲ ಗುತ್ಯಣ್ಣ?
ಹಾಲಮ್ಮ ಅಡ್ಡ ನಿಂತಳು, ಸೊಂಟದಲ್ಲಿ ಮೊಮ್ಮಗು.
ಇಲ್ಲವ್ವ. ನೀರು ಆವಿಯಾಗುತ್ತೆ, ಅದು ತಳದಲ್ಲೇ ಕೂರುತ್ತೆ,
ಸಾರು ಬತ್ತಿದರೆ ಉಪ್ಪು ಏರಿದ ಹಾಗೆ.
ಹೇಳುತ್ತ ನನಗೇ ನಾಚಿಕೆ.
ಪ್ರತಿ ಮಳೆಗಾಲ ಇದೇ ಬಾಯಿ
‘ಕುದಿಸಿ ಕುಡೀರಿ’ ಅಂತ ಬೀದಿ ಬೀದಿ ಕೂಗಿದೆ.
ಅದು ಕಾಮಾಲೆಗೆ, ವಾಂತಿಭೇದಿಗೆ; ಅದನ್ನೂ ಬಿಡಬೇಡಿ.
ಎರಡು ಮಾತು ಒಂದೇ ಉಸಿರಲ್ಲಿ ಹೇಳಲು
ನನಗಿನ್ನೂ ಬಂದಿಲ್ಲ.

ಈಗ ನಾಲ್ಕು ಮನೆ ಸೇರಿ ಒಂದು ಇದ್ದಿಲಿನ ಫಿಲ್ಟರು,
ಹಾಲಮ್ಮನ ಅಡಿಗೆಮನೆಯಲ್ಲಿ.
ಕುಡಿಯಲು, ಅನ್ನಕ್ಕೆ, ಕೂಸಿನ ಹಾಲುಪುಡಿಗೆ ಆ ನೀರು.
ಬಟ್ಟೆಗೆ, ಮೈಗೆ ನಲ್ಲಿಯದೇ ಸಾಕು.
ಕ್ಯಾಲೆಂಡರಿನಲ್ಲಿ ಸಂಕಷ್ಟಿಯ ಪಕ್ಕ
ಕೆಂಪು ಪೆನ್ನಿನ ಗುರುತು: ಕಾರ್ಟ್ರಿಜ್ ಬದಲು.
ತಾರೀಖು ದಾಟಿದರೆ ಇದ್ದಿಲು ಬರೀ ಕಪ್ಪು ಕಲ್ಲು.
ಐದನೆಯ ಮನೆಯ ಭರಮಪ್ಪ ದುಡ್ಡು ಕೊಟ್ಟಿಲ್ಲ,
ಚೊಂಬು ಮಾತ್ರ ದಿನಾ ತರುತ್ತಾನೆ. ತುಂಬಿಸುತ್ತಾರೆ.

ನಮ್ಮನೆಯಲ್ಲಿ ಸಿಪ್ಪೆ ಎದ್ದ ನಾನ್‌ಸ್ಟಿಕ್ ಕಾವಲಿ ಹೋಗಿ
ಕಬ್ಬಿಣದ್ದು ಕೆಳಗಿಳಿಯಿತು.
ಮೂರು ದೋಸೆ ಏಳಲಿಲ್ಲ.
ನಾಲ್ಕನೆಯದು ಎದ್ದಿತು, ಹೆಂಡತಿಯ ಬೈಗುಳಕ್ಕೋ
ಈರುಳ್ಳಿಯ ಎಣ್ಣೆಗೋ.

ರಿಪೋರ್ಟು ಇನ್ನೂ ಬಂದಿಲ್ಲ.
ಮೊನ್ನೆ ಜುಲೇಖಾಗೆ ಫೋನು ಮಾಡಿದೆ:
ಹಳೇ ಕಾರ್ಟ್ರಿಜ್ ಕೈಯಲ್ಲಿದೆ ಮಗಳೇ,
ಅದನ್ನೆಲ್ಲ ಹಿಡಿದಿಟ್ಟುಕೊಂಡದ್ದು.
ಇದನ್ನು ಎಲ್ಲಿ ಎಸೆಯೋದು?

ಆ ಕಡೆ ಮಾತಿಲ್ಲ.
ಕಿವಿಗೆ ಒತ್ತಿ ಹಿಡಿದೆ.
ನೀರಿಗೆ ಮುಂಚೆ ನಲ್ಲಿಯಲ್ಲಿ ಬರುವ
ಗಾಳಿಯಂಥದೇ ಸದ್ದು.