ಕಂದು

ಕೊಹ್ತ್ಲಾ-ಯಾರ್ವೆಯಲ್ಲಿ ನವೆಂಬರೆಂದರೆ
ಮೂರೂವರೆಗೇ ದೀಪ ಹಚ್ಚುವ ತಿಂಗಳು.
ಗಣಿಬೂದಿಯ ಗುಡ್ಡದ ಮೇಲೆ ಹಿಮ ಕೂತ ದಿನ
ನನ್ನ ಅಡುಗೆಮನೆಯ ಸೂರು
ತೊಟ್ಟಿಕ್ಕತೊಡಗಿತು.

ಮೇಲೆ, ಐದನೇ ಮಹಡಿಯಲ್ಲಿ, ವಿರ್ವೆ
ಬಾಳೆಗೆ ಮೀಯಿಸುತ್ತಿದ್ದಳು.

ಗಿಡ್ಡ ಬಾಳೆ, ಅವಳ ಎದೆಮಟ್ಟ.
ಸೌತೆಯ ಉಪ್ಪಿನಕಾಯಿ ಹಾಕುತ್ತಿದ್ದ ಹಳೇ ಪೀಪಾಯಿಯಲ್ಲಿ ಬೇರು.
ಹೀಟರಿನ ಒಣಬಿಸಿಗೆ ಎಲೆಯಂಚೆಲ್ಲ ಕಂದಿ ಮುರುಟಿ,
ಆದರೂ ತಿಂಗಳಿಗೊಂದು ಸುಳಿ.
ಗಣಿಯಲ್ಲಿ ನಕ್ಷೆ ಬರೆಯುತ್ತಿದ್ದವಳು ಅವಳು.
ಸುತ್ತಿಟ್ಟ ನಕ್ಷೆಯೆಂದೇ ನೋಡುತ್ತಿದ್ದಳು ಅದನ್ನು;
ಬಿಚ್ಚಿಕೊಂಡರೆ ಒಂದು ಸುರಂಗವೂ ಇಲ್ಲ,
ಬರೀ ಹಸಿರು.

ಬಂದವರೆಲ್ಲ ಕೇಳುವುದು ಒಂದೇ:
"ಕಾಯಿ ಬಿಡುತ್ತಾ?"
"ನಿಮ್ಮ ಬೆಕ್ಕು ಹಾಲು ಕೊಡುತ್ತಾ?" ಎನ್ನುವಳು.

ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ, ಎಲೆಗೊಂದರಂತೆ.
ಮೂವತ್ತೆಂಟು ದಾಟಿದಾಗ ದೀಪ ಕೊಂಡಳು, ನೇರಳೆ ಬೆಳಕಿನದು.
ನಡುರಾತ್ರಿ ಬೀದಿಗೆಲ್ಲ ಕಾಣುವಂತೆ ಉರಿಯುವ ಕಿಟಕಿ.
ಅಲ್ಲೇನೋ ಕಳ್ಳಬೆಳೆ ಇದೆಯೆಂದು ಪೊಲೀಸರಿಗೆ ಹೇಳಿದವರು ಯಾರು?
ನಾನೇ. ಸೂರು ಒದ್ದೆಯಾಗಿತ್ತಲ್ಲ.

ಇಬ್ಬರು ಬಂದರು, ಎಳೆಯ ಹುಡುಗರು.
ಬೂಟು ಕಳಚಿ ಕಾಲುಚೀಲದಲ್ಲಿ ನಿಂತು, ಸುತ್ತ ನೋಡಿ
ಒಬ್ಬ ಕೇಳಿಯೇಬಿಟ್ಟ, ಅದನ್ನೇ.

ವಿರ್ವೆ ಈ ಸಲ ಬೆಕ್ಕಿನ ಮಾತೆತ್ತಲಿಲ್ಲ.
ಒಂದು ಎಲೆ ಸರಿಸಿದಳು.
ದಿಂಡಿನ ಗಂಟಲಿನಿಂದ ಹೊರಬಂದು
ತಲೆ ತಗ್ಗಿಸಿತ್ತು ಕಡುಗೆಂಪು ಮೂತಿ.
ಹುಡುಗ ಟೊಪ್ಪಿ ತೆಗೆದ.

ಏಪ್ರಿಲಿನಲ್ಲಿ ಹನ್ನೊಂದು ಕಾಯಿ, ಹೆಬ್ಬೆರಳುದ್ದ.
ಪತ್ರಿಕೆಯಲ್ಲಿ ಸುತ್ತಿ ಬೀರುವಿನ ಕತ್ತಲಲ್ಲಿ,
ಉಣ್ಣೆ ಕೋಟುಗಳ ನಡುವೆ ಇಟ್ಟಳು,
ನಾಲ್ಕು ಗಂಟೆ ಸಾಲಿನಲ್ಲಿ ನಿಂತು
ಹಸಿಗಾಯಿ ತರುತ್ತಿದ್ದ ಕಾಲದಲ್ಲಿ ಇಟ್ಟ ಹಾಗೆಯೇ.
"ಆಗ ಹೆಲ್ದುರ್ ದಿನಕ್ಕೆ ಮೂರು ಸಲ ಬೀರು ತೆಗೆದು ಮೂಸುತ್ತಿದ್ದ."
ಈ ಸಲ ಮೂಸುವ ಕೆಲಸ ನನಗೆ ಬಂತು.

ರುಚಿ?
ಸ್ವಲ್ಪ ಒಗರು. ಸ್ವಲ್ಪ ನುಸಿಗುಳಿಗೆ.
ಸಿಪ್ಪೆಯನ್ನೂ ಬಿಸಾಡಲು ಮನಸ್ಸಾಗಲಿಲ್ಲ.

ಗೊನೆ ಇಳಿಸಿದ ಬಾಳೆಗೆ ಮುಂದಿಲ್ಲ.
ಬ್ರೆಡ್ ಕೊಯ್ಯುವ ಚಾಕುವಿನಲ್ಲೇ ಕಡಿದಳು,
ಮುಖ ಗೋಡೆಗೆ ತಿರುಗಿಸಿಕೊಂಡು.
ದಿಂಡಿನ ತುಂಬ ನೀರು. ನೆಲಕ್ಕೆ ಹರಿದು, ಇಳಿದು
ಮತ್ತೆ ನನ್ನ ಸೂರಿನಿಂದ ತೊಟ್, ತೊಟ್.
ಕೆಳಗೊಂದು ಪಾತ್ರೆ ಇಟ್ಟೆ. ಫೋನು ಮುಟ್ಟಲಿಲ್ಲ.

ಬುಡದಲ್ಲಿ ಎದ್ದಿದ್ದ ಕಂದು
ಈಗ ನನ್ನ ಕಿಟಕಿಯಲ್ಲಿದೆ, ಬಣ್ಣದ ಡಬ್ಬಿಯಲ್ಲಿ.
ನಿನ್ನೆ ಮೀಟರು ಓದಲು ಬಂದವನು
ಬಗ್ಗಿ ನೋಡಿ ಕೇಳಿದ:
"ಕಾಯಿ ಬಿಡುತ್ತಾ?"

ಏನು ಹೇಳಲಿ,
ಯಾರ ಮನೆಯಲ್ಲೂ ಬೆಕ್ಕಿದೆಯೋ ಇಲ್ಲವೋ
ಮೊದಲು ಕೇಳಿಕೊಳ್ಳಬೇಕಿತ್ತು.