ಅತ್ತಾವರ, ರಾತ್ರಿ ಎರಡೂಕಾಲು

ಮೊದಲು ಇದು ಆಸ್ಪತ್ರೆಯ ಬೆಡ್‌ಶೀಟು ಇಡುವ ಕೋಣೆ.
ಈಗಲೂ ಬಾಗಿಲು ತೆರೆದರೆ ಫಿನಾಯಿಲು, ಇಸ್ತ್ರಿಯ ಬಿಸಿ ವಾಸನೆ,
ಗೋಡೆಯಲ್ಲಿ ಪೆನ್ಸಿಲಿನ ಲೆಕ್ಕ: ದಿಂಬಿನ ಕವರು ನಲ್ವತ್ತು, ಹರಿದದ್ದು ಆರು.
ಅದರ ಕೆಳಗೆ ರ‍್ಯಾಕು, ರ‍್ಯಾಕಿನಲ್ಲಿ ಮೂರು ಸ್ವಿಚ್ಚು.

ಮೇ ತಿಂಗಳ ಸಿಡಿಲು ಇಲ್ಲಿದ್ದ ಒಂಟಿ ಸ್ವಿಚ್ಚನ್ನು ಸುಟ್ಟಿತ್ತು.
ಅಂದು ರಕ್ತದ ಚೀಟಿ ಹಿಡಿದುಕೊಂಡು
ನೆಲಮಾಳಿಗೆಯಿಂದ ನಾಲ್ಕನೆಯ ಮಹಡಿಗೆ
ಹನ್ನೊಂದು ಸಲ ಓಡಿದವರು ವಾರ್ಡಿನ ದೇಜಪ್ಪಣ್ಣ.
ಲಿಫ್ಟೂ ಸತ್ತಿತ್ತು.
ವರದಿಯಲ್ಲಿ ಸಿಡಿಲಿನ ಹೆಸರಿದೆ, ಅವರದಿಲ್ಲ.

ಒಂದರಿಂದ ಎರಡಕ್ಕೆ ಕೇಬಲ್ಲು, ಎರಡರಿಂದ ಮೂರಕ್ಕೆ,
ಮೂರರಿಂದ ತಿರುಗಿ ಒಂದಕ್ಕೆ.
ಈ ಕೊನೆಯದನ್ನೇ ಎಲ್ಲರೂ ಮರೆಯುವುದು.
ಅದಿಲ್ಲದೆಯೂ ಕೆಲಸ ನಡೆಯುತ್ತದಲ್ಲ,
ಹಸಿರು ದೀಪ ಉರಿಯುತ್ತದಲ್ಲ!
ಮಧ್ಯದ್ದು ಕಡಿದಾಗ ಗೊತ್ತಾಗುತ್ತದೆ:
ಎರಡು ತುಂಡು, ಎರಡರಲ್ಲೂ ಒಬ್ಬೊಬ್ಬ ಯಜಮಾನ, ಇಬ್ಬರಿಗೂ ಒಂದೇ ವಿಳಾಸ,
ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ ಮುಂದಿನ ಕಂಡಕ್ಟರು ‘ರೈಟ್ ಪೋಯಿ’,
ಹಿಂದಿನವ ‘ಉಂತುಲೆ’ ಅಂದ ಹಾಗೆ.

ಮೊಂತು ಲೋಬೊ ಸ್ಕ್ರೂಗಳಿಗೆ ಗ್ರೀಸು ಹಚ್ಚುತ್ತಾರೆ.
‘ಕಡಲ ಗಾಳಿ ಬಾಯೀ, ಕಬ್ಬಿಣಕ್ಕೆ ಇಲ್ಲಿ ಆಯುಸ್ಸು ಕಮ್ಮಿ.’
ಪ್ರತಿ ಸ್ವಿಚ್ಚಿಗೂ ಎರಡು ವಯರು,
ಒಂದು ಯುಪಿಎಸ್ಸಿಗೆ, ಒಂದು ಜನರೇಟರಿನ ಸಾಲಿಗೆ.
ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿದ್ದ ಹಿಂದಿನ ಗುತ್ತಿಗೆದಾರನಿಗೆ
ಕೊಂಕಣಿಯಲ್ಲಿ ಒಂದು ಮಾತು ಅಂದರು. ಬರೆಯುವುದಿಲ್ಲ.

ಎರಡೂಕಾಲು.
ಯಜಮಾನನ ಎರಡೂ ವಯರು ಎಳೆದೆ.

ಫ್ಯಾನುಗಳ ಸದ್ದು ಒಂದು ಪಾಲು ಇಳಿಯಿತು.
ಪರದೆಯಲ್ಲಿ ಪಿಂಗು ಒಂದು ಸಾಲು ತಪ್ಪಿತು.
ಇನ್ನೊಂದು.
ಆಮೇಲೆ ಬಂತು, ಗಂಟಲು ಸರಿಮಾಡಿಕೊಂಡವರ ಹಾಗೆ.
ಎರಡನೆಯದು ಅಧಿಕಾರ ವಹಿಸಿಕೊಂಡಿತ್ತು, ಭಾಷಣವಿಲ್ಲದೆ.
ವಯರು ಮತ್ತೆ ಹಾಕಿದೆ. ನಾಲ್ಕು ನಿಮಿಷಕ್ಕೆ ಹಳಬ ಎದ್ದ,
ಕುರ್ಚಿ ಕೇಳಲಿಲ್ಲ,
ಬರಿಯ ಸದಸ್ಯನಾಗಿ ಕೂತ.
‘ನಮ್ಮ ಸೊಸೈಟಿಯ ಡೈರೆಕ್ಟರುಗಳಿಗೆ ತೋರಿಸಬೇಕಿತ್ತು’ ಅಂದರು ಲೋಬೊ.

ಬಾಗಿಲಲ್ಲಿ ದೇಜಪ್ಪಣ್ಣ, ಕೈಯಲ್ಲಿ ಖಾಲಿ ಟ್ರೇ.
‘ದಾನೆ ಆಂಡ್?’
‘ದಾಲ ಇಜ್ಜಿ.’
ಐದು ಗಂಟೆಯ ಕೆಲಸದ ಫಲ ಇಷ್ಟೇ, ಏನೂ ಆಗಲಿಲ್ಲ.
ಕೆಳಗೆ ರಕ್ತನಿಧಿಯ ಹುಡುಗಿ ಆಕಳಿಸುತ್ತ
ಓ ನೆಗೆಟಿವ್ ಅಂತ ಒತ್ತಿದಳು, ಹೋಯಿತು.

ಕೊನೆಗೆ ಫಾರಂ. ಕೇಬಲ್ಲಿಗೆ ಎರಡು ದಾರಿ. ವಿದ್ಯುತ್ತಿಗೆ ಎರಡು.
ಕೆಟ್ಟರೆ ಕರೆಯಬೇಕಾದವರು: ನನ್ನ ಹೆಸರು, ನನ್ನ ನಂಬರು.
ಅವರು ಸಿಗದಿದ್ದರೆ:
ಮೂರು ವರ್ಷದಿಂದ ಖಾಲಿ.
ನನಗೂ ಜ್ವರ ಬರುತ್ತದೆ. ನನ್ನ ಫೋನೂ ಒಂದೇ ಬ್ಯಾಟರಿಯದು.

ದೇಜಪ್ಪಣ್ಣನನ್ನು ಒಳಗೆ ಕರೆದೆ.
ಇದು ಕೆಂಪು ಕೇಬಲ್ಲು, ಹೊರಬಂದರೆ ಇಲ್ಲಿಗೆ, ಟಕ್ ಅನ್ನುವವರೆಗೆ.
ಈ ದೀಪ ಹಳದಿಯಾದರೆ ಹೆದರುವುದು ಬೇಡ, ಎಣಿಸಿ.
‘ನಿಮ್ಮ ನಂಬರು ಹೇಳಿ.’

ಅವರು ಟ್ರೇ ಕೆಳಗಿಟ್ಟರು, ಅಂಗಿ ಎಳೆದುಕೊಂಡರು,
ಒಂದೊಂದೇ ಅಂಕಿ ಹೇಳಿದರು,
ನಾನು ತಪ್ಪು ಬರೆಯದ ಹಾಗೆ.