ಖಾಲಿ ಗಾಡಿಯ ತೂಕ

ಗಂಗಾವತಿಯ ಭತ್ತದ ಮಿಲ್ಲು, ವೇಬ್ರಿಡ್ಜಿನ ಗೂಡು.
ರಾತ್ರಿ ಪಾಳಿ ನನ್ನದು.
ತುಂಬಿದ ಲಾರಿ ಬರುತ್ತದೆ, ಬರೆಯುತ್ತೇನೆ.
ಖಾಲಿಯಾಗಿ ಬರುತ್ತದೆ, ಕಳೆಯುತ್ತೇನೆ.
ಉಳಿದದ್ದು ಭತ್ತ.

ನನ್ನಲ್ಲಿ ಕಳೆಯುವುದೇ ಕಷ್ಟ.
ಎರಡು ರೊಟ್ಟಿ ಒಂದಾಗಿ ಹನ್ನೊಂದು ವಾರ.
ಮಜ್ಜಿಗೆ ಕುಡಿದರೆ ಹಸಿವು ಅರ್ಧ ತಾಸು ಸುಮ್ಮನಿರುತ್ತದೆ,
ಆಮೇಲೆ ಗೇಟಿಗೆ ನಿಂತು ಹಾರ್ನ್ ಹೊಡೆಯುತ್ತದೆ.

ಬಾಯಿ ಚಪಲಕ್ಕೆ ಹಾರ್ನೇ ಇಲ್ಲ.
ಮೌಲಾಸಾಬ ಬಿಚ್ಚಿದ ಪೊಟ್ಟಣದಿಂದ
ಮಂಡಾಳ ಒಗ್ಗರಣಿ, ಮಿರ್ಚಿಯ ಘಮವಾಗಿ
ಚಿಲ್ಲರೆ ಕೊಡುವ ಕಂಡಿಯಲ್ಲೇ ನುಸುಳುತ್ತದೆ.
"ಒಂದ ತಿನ್ನಕ್ಕಾ, ಒಂದರಾಗ ಏನಾಗ್ತೈತಿ?"
ಅಂಗಳದ ರಾಶಿ ನೋಡಿದೆ.
ಅದೂ ಒಂದೊಂದೇ ಕಾಳು.

ತಿಂದೆ. ಅರ್ಧ.
ಮೆಣಸಿನಕಾಯಿ ಬಿಟ್ಟು, ಬರೀ ಹಿಟ್ಟು.

ಲಾರಿಗಳಿಲ್ಲದ ಮೂರು ಗಂಟೆಗೆ
ಚಪ್ಪಲಿ ಕಳಚಿ ತೂಕದ ಕಟ್ಟೆ ಹತ್ತಿದೆ.
ಗಾಜಿನಾಚೆ ಕೆಂಪು ಅಂಕಿ: ಎಂಬತ್ತು.
ಎಳ್ಳಮವಾಸಿಗೆ ನಿಂತಾಗಲೂ ಎಂಬತ್ತೇ.
ಹತ್ತು ಕಿಲೋ ಒಳಗಿನ ಸಂಕಟ
ಈ ಯಂತ್ರಕ್ಕೆ ಲೆಕ್ಕವಿಲ್ಲ.

ಲಂಗದ ಲಾಡಿಗೆ ಗೊತ್ತು.
ಗಂಟು ಎರಡು ಬೆರಳು ಈಚೆ ಬಂದಿದೆ.
ಹಳೆಯ ಗಂಟಿನ ಸುಕ್ಕು ಇನ್ನೂ ಅಲ್ಲೇ ಇದೆ,
ಕರೆದರೆ ಬಂದೇನು ಅನ್ನುವಂತೆ.